ಗಿಟಾರ್ ಎಲ್ಲಿ ಹೋಯ್ತು?

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಟೇಮ್ ಇಂಪಾಲಾದ ಐದನೇ ಆಲ್ಬಮ್ ‘ಡೆಡ್‌ಬೀಟ್’ ಬಂದಿದ್ದು 2025ರ ಅಕ್ಟೋಬರ್ 17, ಶುಕ್ರವಾರ. ಶನಿವಾರ ಬೆಳಗಾಗುವಷ್ಟರಲ್ಲಿ ಕೇಳುಗರು ತೀರ್ಪು ಕೊಟ್ಟಾಗಿತ್ತು. ಹನ್ನೆರಡು ಹಾಡುಗಳಿವೆ, ಒಂದು ಗಂಟೆಗೆ ಸ್ವಲ್ಪ ಕಡಿಮೆ. ಇವರೆಲ್ಲ ಯಾವಾಗ ಕೇಳಿದರು, ಯಾವಾಗ ಮಲಗಿದರು ಅಂತ ನನಗೆ ಆಶ್ಚರ್ಯ. ಗಿಟಾರೇ ಇಲ್ಲ ಅಂದರು. ಸೋಮಾರಿತನದಲ್ಲಿ ಮಾಡಿದ್ದು ಅಂದರು. ಸೈಕೆಡೆಲಿಕ್ (ಅರವತ್ತರ ದಶಕದಲ್ಲಿ ಹುಟ್ಟಿದ, ಕನಸಿನ ಹಾಗೆ ತೇಲಿಸುವ ರಾಕ್) ಬ್ಯಾಂಡು ಡಿಜೆ ಆಗಿಹೋಯಿತು ಅಂದರು. ಇನ್ನೊಂದು ಗುಂಪು ಅಷ್ಟೇ ಜೋರಾಗಿ, ನಿಮಗೆಲ್ಲ ವಯಸ್ಸಾಯಿತು, ಅದಕ್ಕೇ ಹಿಡಿಸುತ್ತಿಲ್ಲ ಅಂತ ತಿರುಗಿಬಿತ್ತು.

ನಮ್ಮ ಕಡೆಯೂ ಇದೇ ಜಗಳ. ಗೆಳೆಯನೊಬ್ಬನಿಗೆ ರೆಕಾರ್ಡ್ ಕೂಡಿಡುವ ಹುಚ್ಚು. ಅವನ ಪ್ರಕಾರ ಟೇಮ್ ಇಂಪಾಲಾ 2012ಕ್ಕೇ ಮುಗಿಯಿತು, ಆಮೇಲೆ ಉಳಿದಿದ್ದು ಹೆಸರು ಮಾತ್ರ. ನನ್ನ ತಂಗಿಗೆ ಆ 2012ರ ಆಲ್ಬಮ್ ಹಾಕಿದರೆ ತಲೆನೋವು. ಅವಳಿಗೆ ಹೊಸ ಆಲ್ಬಮ್‌ನ ‘ಡ್ರಾಕುಲಾ’ ಒಂದಿದ್ದರೆ ಸಾಕು. ಇಬ್ಬರೂ ಒಬ್ಬನೇ ಮನುಷ್ಯನ ಬಗ್ಗೆ ಮಾತಾಡ್ತಿದ್ದಾರೆ ಅಂದರೆ ನಂಬೋದು ಕಷ್ಟ.

ಮನುಷ್ಯ ಅಂತಲೇ ಬರೆದೆ. ಟೇಮ್ ಇಂಪಾಲಾ ಅಂದರೆ ಕೆವಿನ್ ಪಾರ್ಕರ್. ವೇದಿಕೆ ಮೇಲೆ ನಾಲ್ಕೈದು ಜನ ಇರುತ್ತಾರೆ, ಅವರೆಲ್ಲ ಒಳ್ಳೆಯ ವಾದ್ಯಗಾರರೇ. ಆದರೆ ಸ್ಟುಡಿಯೋದಲ್ಲಿ ಡ್ರಮ್ಸ್, ಬಾಸ್, ಗಿಟಾರ್, ಕೀಬೋರ್ಡ್, ಗಾಯನ, ಹೆಚ್ಚುಕಮ್ಮಿ ಎಲ್ಲವೂ ಅವನೊಬ್ಬನದೇ. ಇದು ಗೊತ್ತಾದಾಗ ಪ್ರತಿಯೊಬ್ಬನೂ ಹೊಸದಾಗಿ ಬೆರಗಾಗುತ್ತಾನೆ. ಆ ಬೆರಗೇ ಈಗ ಅಭಿಮಾನಿಗಳ ನಡುವೆ ಒಂದು ಹಳೇ ಜೋಕ್.

ಪಾರ್ಕರ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಲ್ಲಿಂದ ಹತ್ತಿರದ ದೊಡ್ಡ ನಗರ ಅಂದರೆ ಅಡಿಲೇಡ್, ಅದೂ ಎರಡು ಸಾವಿರ ಕಿಲೋಮೀಟರಿಗಿಂತ ದೂರ. ಹೊರಗಿನ ಎಷ್ಟೋ ಬ್ಯಾಂಡ್‌ಗಳು ಸಿಡ್ನಿ, ಮೆಲ್ಬರ್ನ್ ಮುಗಿಸಿ ಹಾಗೇ ವಾಪಸ್ ಹೋಗಿಬಿಡುತ್ತವೆ. ಇಂಥ ಊರಲ್ಲಿ ಹುಡುಗರು ತಮಗೆ ಬೇಕಾದ ಸಂಗೀತವನ್ನು ತಾವೇ ಮಾಡಿಕೊಳ್ಳಬೇಕು. ಪಾರ್ಕರ್‌ಗೆ ಗಿಟಾರ್ ಹೇಳಿಕೊಟ್ಟಿದ್ದು ಅವನ ಅಪ್ಪ. ಮನೆಯಲ್ಲಿ ಬೀಟಲ್ಸ್ ಹಾಡುಗಳು. ಅಪ್ಪ 2009ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗನ ಮೊದಲ ಆಲ್ಬಮ್ ಬಂದದ್ದು ಮರುವರ್ಷ.

ಆ ಮೊದಲ ಆಲ್ಬಮ್ ‘ಇನ್ನರ್‌ಸ್ಪೀಕರ್’. ಪರ್ತ್‌ನಿಂದ ದಕ್ಷಿಣಕ್ಕೆ ಕೆಲವು ಗಂಟೆಗಳ ದಾರಿ ಹೋದರೆ ಇಂಜಿಡಪ್ ಅನ್ನೋ ಕಡಲತೀರ ಇದೆ. ಅಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ವೇವ್ ಹೌಸ್ ಅನ್ನುವ ಮನೆಯಲ್ಲಿ ಅದನ್ನು ರೆಕಾರ್ಡ್ ಮಾಡಿದರು. ಮಿಕ್ಸಿಂಗ್, ಅಂದರೆ ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಕೆಲಸ, ಮಾಡಿದ್ದು ಅಮೆರಿಕದ ಡೇವ್ ಫ್ರಿಡ್‌ಮನ್. ಕೇಳಿದವರಿಗೆಲ್ಲ ಒಂದೇ ಅನುಮಾನ: ಇದು 2010ರದ್ದಾ, 1968ರದ್ದಾ?

ಆ ಅನುಮಾನ ಬರುವುದಕ್ಕೆ ಕಾರಣಗಳಿವೆ. ಗಿಟಾರ್ ಮೇಲೆ ಫಝ್ ಅನ್ನುವ ಒರಟು ಗರಗರ, ಅದರ ಮೇಲೆ ಸದ್ದನ್ನು ಅಲೆಯಾಗಿಸುವ ಫೇಸರ್. ಸದ್ದು ಸುತ್ತಿ ಸುತ್ತಿ ಬರುತ್ತಿರುತ್ತದೆ. ಡ್ರಮ್ಸ್‌ಗೆ ಕೆಲವೇ ಮೈಕು, ಆಮೇಲೆ ಅದನ್ನು ಕಂಪ್ರೆಸರ್‌ನಲ್ಲಿ ಹಾಕಿ ಹಿಂಡಿ, ಏಟು ಬಿದ್ದ ಮೇಲಿನ ಕೋಣೆಯ ಗುಂಯ್‌ಗಾನವೂ ಏಟಿನಷ್ಟೇ ಜೋರಾಗಿ ಕೇಳುವ ಹಾಗೆ ಮಾಡಿದ್ದು. ಧ್ವನಿಯನ್ನು ಎರಡೆರಡು ಸಲ ಹಾಡಿ ಒಂದರ ಮೇಲೊಂದು ಇಟ್ಟು, ರಿವರ್ಬ್ ಅನ್ನುವ ಮಾರ್ದನಿಯಲ್ಲಿ ಅದ್ದಿ, ವಾದ್ಯಗಳ ಹಿಂದೆ ನಿಲ್ಲಿಸಿದ್ದು. ಕೇಳಿದವರಿಗೆ ಬೀಟಲ್ಸ್‌ನ ಜಾನ್ ಲೆನನ್ ನೆನಪಾದರೆ ತಪ್ಪೇನಿಲ್ಲ.

ಈ ಉಪಾಯಗಳೆಲ್ಲ ಹುಟ್ಟಿದ ಕಾಲ ನೋಡಿ. 1966ರಲ್ಲಿ ಬೀಟಲ್ಸ್ ‘ರಿವಾಲ್ವರ್’ ಆಲ್ಬಮ್ ಮಾಡುತ್ತಿದ್ದರು. ಲೆನನ್‌ಗೆ ಒಂದೇ ಸಾಲನ್ನು ಎರಡೆರಡು ಸಲ ಹಾಡುವುದು ಅಂದರೆ ಬೇಜಾರು. ಆ ಗೋಳಾಟ ಕೇಳಲಾರದೆ ಸ್ಟುಡಿಯೋದ ಇಂಜಿನಿಯರ್ ಕೆನ್ ಟೌನ್‌ಸೆಂಡ್, ಟೇಪ್ ಯಂತ್ರವೇ ಧ್ವನಿಯನ್ನು ಎರಡಾಗಿಸುವ ದಾರಿ ಕಂಡುಹಿಡಿದರು. ಅದೇ ಆಲ್ಬಮ್‌ನ ಕೊನೆಯ ಹಾಡು ‘ಟುಮಾರೋ ನೆವರ್ ನೋಸ್’. ಅದರಲ್ಲಿ ಲೆನನ್ ಧ್ವನಿಯನ್ನು ತಿರುಗುವ ಸ್ಪೀಕರಿನೊಳಗೆ ಹಾಯಿಸಿದರು. ಡ್ರಮ್ಸ್‌ನಲ್ಲಿ ರಿಂಗೊ ಬಾರಿಸಿದ್ದನ್ನು ಹಿಂಡಿ ದಪ್ಪ ಮಾಡಿದರು. ಹಾಡಿನುದ್ದಕ್ಕೂ ಅಡಿಯಲ್ಲಿ ಒಂದು ತಂಬೂರಿ ಮೀಟುತ್ತಲೇ ಇರುತ್ತದೆ.

ಈ ತಂಬೂರಿ ವಿಷಯ ನನಗೆ ಮುಖ್ಯ. ಪಶ್ಚಿಮದವರು ಸೈಕೆಡೆಲಿಕ್ ಸಂಗೀತದ ಬಗ್ಗೆ ಬರೆಯುವಾಗ ಒಂದೇ ಸ್ವರ ನಿಂತು ಕೇಳುವ ಆ ಭಾಗವನ್ನು ಯಾವುದೋ ನಶೆಯ ಅನುಭವ ಅನ್ನುವ ಹಾಗೆ ವರ್ಣಿಸುತ್ತಾರೆ. ನಮ್ಮಲ್ಲಿ ರಾಮೋತ್ಸವದ ಕಛೇರಿಗೆ ಅಮ್ಮನ ಜೊತೆ ಹೋಗಿ ಕೂತ ಮಗುವಿಗೂ ಅದು ಗೊತ್ತು. ಶ್ರುತಿ ಅಷ್ಟೇ. ಹಾಡು ಎಲ್ಲಿಗೆ ಹೋದರೂ ಅದು ಹಿಂದೆ ಇರುತ್ತದೆ. ‘ಇನ್ನರ್‌ಸ್ಪೀಕರ್’ ಕೇಳಿದಾಗ ನನಗೆ ಅರವತ್ತರ ದಶಕ ನೆನಪಾಗಲಿಲ್ಲ. ಆ ದಶಕ ನಾನು ನೋಡಿದವನಲ್ಲ, ಇಂಗ್ಲಿಷ್ ರಾಕ್ ಕೇಳುವ ಮನೆಯಲ್ಲೂ ಬೆಳೆದವನಲ್ಲ. ಬಾಸ್ ಮತ್ತು ಗಿಟಾರ್ ಒಂದೇ ಸ್ವರದ ಮೇಲೆ ನಿಂತುಕೊಂಡು ಡ್ರಮ್ಸ್ ಮಾತ್ರ ಓಡುವ ಆ ಜಾಗಗಳು ಹಿಡಿಸಿದವು. ಹೀಗೆ ಹಳೇ ಕಾಲದ ಸದ್ದನ್ನು ಮತ್ತೆ ಮಾಡುವುದಕ್ಕೆ ರೆಟ್ರೋ ಅಂತ ಹೆಸರಿದೆ ಅಂತ ಆಮೇಲೆ ತಿಳಿಯಿತು. ಹಾಗಾಗಿ ಈ ಬ್ಯಾಂಡ್ ರೆಟ್ರೋ ಆಗಿ ಉಳಿಯಬೇಕೋ ಬೇಡವೋ ಅನ್ನುವ ಜಗಳದಲ್ಲಿ ನಾನು ಸ್ವಲ್ಪ ಹೊರಗಿನವನು. ಬೀಟಲ್ಸ್‌ನ ಆಸ್ತಿಗೆ ಯಾರು ವಾರಸುದಾರ ಅನ್ನೋದು ನನ್ನ ತಲೆನೋವಲ್ಲ.

2012ರ ‘ಲೋನರಿಸಂ’ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಮುಖಪುಟದಲ್ಲಿ ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಚಿತ್ರ. ಬೇಲಿಯ ಈಚೆ ನಿಂತು, ಒಳಗೆ ಬಿಸಿಲು ಕಾಯಿಸುತ್ತಾ ಕೂತ ಜನರನ್ನು ನೋಡುವ ಹಾಗೆ ತೆಗೆದದ್ದು. ಆಲ್ಬಮ್‌ನ ಹೂರಣವೂ ಅದೇ: ಎಲ್ಲರೂ ಒಳಗಿದ್ದಾರೆ, ನಾನೊಬ್ಬ ಹೊರಗೆ. ಆ ಒಂಟಿತನವನ್ನು ಅವನು ಹೇಳಿದ ರೀತಿ ಗಮನಿಸಿ. ಪದಗಳು ಅರ್ಧ ಮಾತ್ರ ಕೇಳಿಸುತ್ತವೆ. ಧ್ವನಿ ಸದ್ದಿನ ಮಂಜಿನೊಳಗೆ ಎಲ್ಲೋ ಇರುತ್ತದೆ. ನಾವೇ ಹುಡುಕಿಕೊಂಡು ಹೋಗಬೇಕು. ಹೋದವರಿಗೆ, ಇದು ನನಗೊಬ್ಬನಿಗೇ ಸಿಕ್ಕಿತು ಅನ್ನೋ ಹೆಮ್ಮೆ. ಈ ಎರಡು ಆಲ್ಬಮ್‌ಗಳ ಅಭಿಮಾನಿಗಳು ಅಷ್ಟು ಹಠದವರು ಯಾಕೆ ಅಂತ ಇದರಿಂದ ಅರ್ಥ ಆಗುತ್ತದೆ.

ಮುನಿಸು ಶುರುವಾದದ್ದು 2015ರ ಜುಲೈಯಲ್ಲಿ, ‘ಕರೆಂಟ್ಸ್’ ಬಂದಾಗ. ಲಾಸ್ ಏಂಜಲಿಸ್‌ನಲ್ಲಿ ಕಾರಲ್ಲಿ ಹೋಗುತ್ತಿದ್ದಾಗ ಡಿಸ್ಕೋಗೆ ಹೆಸರಾದ ಬೀ ಜೀಸ್ ತಂಡದ ಹಾಡು ಕೇಳಿ ತನಗೆ ಏನೋ ಆಯಿತು ಅಂತ ಪಾರ್ಕರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಅಣಬೆಯ ನಶೆಯೂ ಇತ್ತು ಅಂತ ಒಪ್ಪಿಕೊಂಡಿದ್ದಾನೆ, ಅದು ಬೇರೆ ಮಾತು. ಅಂತೂ ಡಿಸ್ಕೋ ಒಳಗೆ ಬಂತು. ಸಿಂಥ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್ ಮುಂದೆ ಬಂತು, ಗಿಟಾರ್ ಹಿಂದೆ ಸರಿಯಿತು. ಬಾಸ್ ಕುಣಿಯಿತು. ಈ ಸಲ ಮಿಕ್ಸಿಂಗ್ ಕೂಡ ತಾನೇ ಮಾಡಿದ. ‘ಎಸ್ ಐ ಆಮ್ ಚೇಂಜಿಂಗ್’ ಅಂತ ಒಂದು ಹಾಡೇ ಇಟ್ಟ. ಇದಕ್ಕಿಂತ ಬಿಡಿಸಿ ಹೇಳೋದು ಹೇಗೆ? ಆದರೂ ಹಳೇ ಕೇಳುಗರಲ್ಲಿ ಒಂದು ಪಾಲು ಒಪ್ಪಲಿಲ್ಲ. ನಮ್ಮವನು ಮಾರಿಕೊಂಡ ಅಂದರು.

ಆಮೇಲೆ ಆದದ್ದು ನೋಡಿದರೆ ನಗು ಬರುತ್ತದೆ. ಮರುವರ್ಷ ರಿಹಾನಾ ತನ್ನ ‘ಆಂಟಿ’ ಆಲ್ಬಮ್‌ನಲ್ಲಿ ‘ಕರೆಂಟ್ಸ್’ನ ಕೊನೆಯ ಹಾಡನ್ನು ಹಾಡಿದಳು. ವಾದ್ಯದ ಭಾಗ ಹೆಚ್ಚುಕಮ್ಮಿ ಪಾರ್ಕರ್ ಮಾಡಿದ್ದೇ. ‘ದ ಲೆಸ್ ಐ ನೋ ದ ಬೆಟರ್’ ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೋದ ಕೇಳುಗರ ಮತದಾನದಲ್ಲಿ ಇಡೀ ದಶಕದ ನಂಬರ್ ಒನ್ ಹಾಡಾಯಿತು. ‘ಲೆಟ್ ಇಟ್ ಹ್ಯಾಪನ್’ ಎಂಟು ನಿಮಿಷದ ಹತ್ತಿರ ಇದೆ. ಅದರ ನಡುವೆ ಸಿಡಿ ಸಿಕ್ಕಿಹಾಕಿಕೊಂಡ ಹಾಗೆ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಹೊಸಬರು ಫೋನ್ ಕೆಟ್ಟಿತೇನೋ ಅಂತ ತೆಗೆದು ನೋಡುವ ಜಾಗ ಅದು. ಈಗ ಅದನ್ನು ಅವನ ಅತ್ಯುತ್ತಮ ಹಾಡು ಅನ್ನುವವರೇ ಜಾಸ್ತಿ. ಹತ್ತು ವರ್ಷದ ಹಿಂದೆ ದ್ರೋಹ ಅನ್ನಿಸಿಕೊಂಡ ಆಲ್ಬಮ್ಮನ್ನೇ ಅಳತೆಗೋಲಾಗಿ ಹಿಡಿದುಕೊಂಡು ಇವತ್ತು ‘ಡೆಡ್‌ಬೀಟ್’ಗೆ ಹೊಡೆಯುತ್ತಿದ್ದಾರೆ.

ಇದನ್ನು ನೋಡಿ, ಕೇಳುಗರು ಹೀಗೇ, ಮೊದಲು ಬೈಯ್ತಾರೆ, ಐದು ವರ್ಷ ಬಿಟ್ಟು ಹೊಗಳ್ತಾರೆ ಅಂತ ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲ ಬೈಗುಳವೂ ಹೊಗಳಿಕೆ ಆಗುವುದಿಲ್ಲ. ಕೆಲವು ಆಲ್ಬಮ್‌ಗಳು ನಿಜಕ್ಕೂ ಚೆನ್ನಾಗಿರುವುದಿಲ್ಲ, ಅಲ್ವಾ?

ಎದುರು ದಿಕ್ಕಿನ ಉದಾಹರಣೆ ಒಂದಿದೆ, ಎಂಜಿಎಂಟಿ ಅನ್ನುವ ಬ್ಯಾಂಡ್. ಅಮೆರಿಕದ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಸೇರಿಕೊಂಡ ಇಬ್ಬರು ಹುಡುಗರು, ಆಂಡ್ರೂ ವ್ಯಾನ್‌ವಿನ್‌ಗಾರ್ಡನ್ ಮತ್ತು ಬೆನ್ ಗೋಲ್ಡ್‌ವಾಸರ್. ಅವರ ಮೊದಲ ಆಲ್ಬಮ್‌ನ ‘ಕಿಡ್ಸ್’, ‘ಟೈಮ್ ಟು ಪ್ರಿಟೆಂಡ್’ ಆಗಿನ ಎಲ್ಲ ಪಾರ್ಟಿಗಳಲ್ಲೂ ಕೇಳುತ್ತಿದ್ದವು. ಅದಕ್ಕೂ ಇದೇ ಡೇವ್ ಫ್ರಿಡ್‌ಮನ್ ಕೈಹಾಕಿದ್ದರು. ಎಲ್ಲರೂ ಇನ್ನೊಂದು ‘ಕಿಡ್ಸ್’ಗೆ ಕಾಯುತ್ತಿದ್ದರು. 2010ರ ಏಪ್ರಿಲ್‌ನಲ್ಲಿ ಅವರು ಕೊಟ್ಟಿದ್ದು ‘ಕಂಗ್ರಾಜುಲೇಷನ್ಸ್’. ನಿರ್ಮಾಣದಲ್ಲಿ ಜೊತೆಗಿದ್ದದ್ದು ಸ್ಪೇಸ್‌ಮೆನ್ 3 ತಂಡದ ಪೀಟ್ ಕೆಂಬರ್. ಅರವತ್ತರ ದಶಕದ ಸರ್ಫ್ ಗಿಟಾರ್, ಅಡ್ಡಾದಿಡ್ಡಿ ತಿರುಗುವ ರಾಗಗಳು, ಹನ್ನೆರಡು ನಿಮಿಷದ ಒಂದು ಹಾಡು. ಕುಣಿಯೋಕೆ ಏನೂ ಇಲ್ಲ. ಮುಖಪುಟದಲ್ಲಿ ಅಲೆಯ ಮೇಲೆ ಸರ್ಫಿಂಗ್ ಮಾಡುತ್ತಿರುವ ಬೆಕ್ಕು, ಅದನ್ನು ನುಂಗಲು ಬಾಯ್ದೆರೆದು ನಿಂತ ಇನ್ನೊಂದು ಬೆಕ್ಕು. ಆ ಎರಡನೇ ಬೆಕ್ಕೇ ಅಲೆ.

ಆಗ ಕೇಳುಗರು ಏನಂದರು? ಇದು ತೀರಾ ಹಳೇ ಕಾಲದ್ದು, ಪಾಪ್ ಎಲ್ಲಿ ಹೋಯ್ತು ಅಂದರು. ಟೇಮ್ ಇಂಪಾಲಾಗೆ ಬಿದ್ದ ಬೈಗುಳದ ತಿರುಗುಮುರುಗು ರೂಪ. ವಿಚಿತ್ರ ಅಂದರೆ ಅದೇ ವರ್ಷ ಟೇಮ್ ಇಂಪಾಲಾ ಅಮೆರಿಕದಲ್ಲಿ ಎಂಜಿಎಂಟಿ ಕಾರ್ಯಕ್ರಮಗಳಿಗೆ ಮೊದಲು ನುಡಿಸುತ್ತಿತ್ತು. ಒಂದೇ ವೇದಿಕೆ, ಒಂದೇ ಸಂಜೆ. ಹಳೇ ಸದ್ದು ಮಾಡಿದ್ದಕ್ಕೆ ಒಬ್ಬರಿಗೆ ಚಪ್ಪಾಳೆ, ಅದೇ ಕಾರಣಕ್ಕೆ ಇನ್ನೊಬ್ಬರ ಮೇಲೆ ಗೊಣಗಾಟ. ಇವತ್ತು ಎಂಜಿಎಂಟಿ ಅಭಿಮಾನಿಗಳನ್ನು ಕೇಳಿ ನೋಡಿ, ಬಹಳ ಜನ ‘ಕಂಗ್ರಾಜುಲೇಷನ್ಸ್’ ಹೆಸರೇ ಮೊದಲು ಹೇಳುತ್ತಾರೆ.

ಹಾಗಾದರೆ ಜನ ಕಾಯುವುದು ಹಳೇ ಸದ್ದಿಗೂ ಅಲ್ಲ, ಹೊಸ ಸದ್ದಿಗೂ ಅಲ್ಲ. ಹಿಂದಿನ ಸಲ ಸಿಕ್ಕಿದ್ದಕ್ಕೆ ಕಾಯುತ್ತಾರೆ. ಹೋಟೆಲಿನ ಮಾಮೂಲಿ ಗಿರಾಕಿ ಕೂತ ತಕ್ಷಣ ಮಾಣಿ ಕೇಳದೆಯೇ ಬೆಣ್ಣೆ ದೋಸೆ ತಂದಿಡಬೇಕು ಅನ್ನೋ ಹಾಗೆ. ಇಷ್ಟರಮಟ್ಟಿಗೆ ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ‘ಡೆಡ್‌ಬೀಟ್’ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ ಅಂತ ನನಗನ್ನಿಸುತ್ತದೆ. ಅದಕ್ಕೆ ಬರುವ ಮೊದಲು 2020 ದಾಟಬೇಕು.

‘ದ ಸ್ಲೋ ರಶ್’ ಬಂದಿದ್ದು ಆ ವರ್ಷದ ಫೆಬ್ರವರಿ 14ಕ್ಕೆ. ಹೆಚ್ಚುಕಮ್ಮಿ ಐದು ವರ್ಷ ಕಾಯಿಸಿದ್ದ. ನಡುವೆ 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮಲಿಬುವಿನಲ್ಲಿ ಕಾಡ್ಗಿಚ್ಚು ಬಂದು, ಅವನು ಉಳಿದುಕೊಂಡಿದ್ದ ಬಾಡಿಗೆ ಮನೆ ಸುಟ್ಟುಹೋಯಿತು. ಲ್ಯಾಪ್‌ಟಾಪ್ ಮತ್ತು ಹಳೆಯ ಹಾಫ್ನರ್ ಬಾಸ್ ಗಿಟಾರ್ ಹಿಡಿದುಕೊಂಡು ಓಡಿದ್ದ, ಉಳಿದ ವಾದ್ಯಗಳೆಲ್ಲ ಬೂದಿ. ಆಲ್ಬಮ್ ಪೂರ್ತಿ ಕಾಲದ ಬಗ್ಗೆ. ಮುಖಪುಟದಲ್ಲಿ ನಮೀಬಿಯಾದ ಕೋಲ್ಮನ್‌ಸ್ಕೋಪ್ ಅನ್ನೋ ಪಾಳುಬಿದ್ದ ಊರಿನ ಮನೆ, ಕೋಣೆಯ ಒಳಗೆಲ್ಲ ಮರಳು. ಅಪ್ಪನ ಮೇಲಿನ ಸಿಟ್ಟು, ಪ್ರೀತಿ ಎರಡನ್ನೂ ಬಿಚ್ಚಿಟ್ಟ ‘ಪೋಸ್ಟ್‌ಹ್ಯೂಮಸ್ ಫರ್ಗಿವ್‌ನೆಸ್’ ಇದರಲ್ಲೇ ಇದೆ. ಅದೊಂದು ಹಾಡಿಗಾಗಿ ನಾನು ಈ ಆಲ್ಬಮ್‌ನ ಉಳಿದ ನುಣುಪನ್ನು ಸಹಿಸಿಕೊಳ್ಳುತ್ತೇನೆ.

ಇಲ್ಲಿನ ಜಗಳ ಇನ್ನೂ ಮಜವಾಗಿತ್ತು. ‘ಬಾರ್ಡರ್‌ಲೈನ್’ ಹಾಡು 2019ರಲ್ಲೇ ಬಿಡುಗಡೆಯಾಗಿತ್ತು. ಜನ ಮೆಚ್ಚಿಕೊಂಡಿದ್ದರು. ಪಾರ್ಕರ್‌ಗೆ ಮಾತ್ರ ಸಮಾಧಾನ ಇರಲಿಲ್ಲ. ಮತ್ತೆ ತಿದ್ದಿ, ಬಾಸ್ ಏರಿಸಿ, ಬೇರೆ ರೂಪದಲ್ಲಿ ಆಲ್ಬಮ್‌ಗೆ ಹಾಕಿದ. ತಕ್ಷಣ ಶುರುವಾಯಿತು, ಮೊದಲಿನದೇ ಚೆನ್ನಾಗಿತ್ತು, ವಾಪಸ್ ಕೊಡಿ ಅಂತ. ಹತ್ತು ತಿಂಗಳ ಹಿಂದಿನ ಹಾಡಿಗೇ ಹಳೇ ನೆನಪಿನ ಮರ್ಯಾದೆ ಬಂದುಬಿಟ್ಟಿತ್ತು! ಅವರ ಮಾತು ಸರಿ ಅಂತಲೇ ನನ್ನ ಅಭಿಪ್ರಾಯ. ಮೊದಲಿನದು ಹಗುರವಾಗಿತ್ತು, ಓಡುತ್ತಿತ್ತು.

ಇನ್ನು ‘ಡೆಡ್‌ಬೀಟ್’. ಆಸ್ಟ್ರೇಲಿಯಾದಲ್ಲಿ ಬುಷ್ ಡೂಫ್ ಅಂತ ಕರೆಯುವ ಪಾರ್ಟಿಗಳಿವೆ. ಊರಾಚೆ, ಕುರುಚಲು ಕಾಡಿನ ನಡುವೆ, ಜನರೇಟರ್ ಮತ್ತು ದೊಡ್ಡ ಸ್ಪೀಕರ್ ತಂದಿಟ್ಟು ರಾತ್ರಿಯಿಡೀ ಟೆಕ್ನೋ, ಅಂದರೆ ಒಂದೇ ಸಮ ಬಡಿಯುವ ಯಂತ್ರದ ತಾಳದ ಸಂಗೀತ, ಹಾಕಿ ಕುಣಿಯುವುದು. ಈ ಆಲ್ಬಮ್‌ಗೆ ಅದೇ ಪ್ರೇರಣೆ ಅಂತ ಪಾರ್ಕರ್ ಹೇಳಿದ್ದಾನೆ. ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಸ್ವಲ್ಪ ಕೆಲಸ ಆಯಿತು. ಉಳಿದದ್ದು ಇಂಜಿಡಪ್‌ನ ಅದೇ ವೇವ್ ಹೌಸ್‌ನಲ್ಲಿ. ಆ ಮನೆಯನ್ನು ಅವನು ಈ ನಡುವೆ ಕೊಂಡುಕೊಂಡಿದ್ದಾನೆ. ಅಂದರೆ, ತನ್ನ ಅತ್ಯಂತ ರೆಟ್ರೋ ಆಲ್ಬಮ್ ಹುಟ್ಟಿದ ಕೋಣೆಗೇ ವಾಪಸ್ ಬಂದು ಅತ್ಯಂತ ಕಡಿಮೆ ರೆಟ್ರೋ ಆಲ್ಬಮ್ ಮಾಡಿದ. ಜಾಗ ಅದೇ, ಸಮುದ್ರ ಅದೇ. ‘ಅವನ ಬೇರು ಹೋಯಿತು’ ಅನ್ನುವವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ. ಹಾಗೆ ನೋಡಿದರೆ, ಪರ್ತ್‌ನ ಹುಡುಗನಿಗೆ ಬುಷ್ ಡೂಫ್ ಮನೆಬಾಗಿಲಿನ ಸಂಗೀತ, ಬೀಟಲ್ಸ್ ದೂರದ್ದು.

ಗಿಟಾರ್ ಇಲ್ಲ ಅನ್ನುವ ದೂರಿಗೆ ಬರೋಣ. ಗಿಟಾರ್ ಹಿಂದೆ ಸರಿದದ್ದು 2015ರಲ್ಲಿ. ‘ಕರೆಂಟ್ಸ್’ ಅನ್ನು ಎದೆಗೆ ಒತ್ತಿಕೊಂಡವರೇ ಈಗ ಗಿಟಾರ್ ಕೇಳುತ್ತಿದ್ದಾರೆ. ಅಂದರೆ ಅವರಿಗೆ ಏನೋ ಕಡಿಮೆ ಅನ್ನಿಸುತ್ತಿದೆ, ಅದಕ್ಕೆ ಹೆಸರು ಸಿಗುತ್ತಿಲ್ಲ, ಕೈಗೆ ಸಿಕ್ಕ ಹೆಸರು ಗಿಟಾರ್. ಕೇಳುಗರ ಕಿವಿ ಸರಿ ಇದೆ, ಕೊಡುವ ಕಾರಣ ಸರಿಯಿಲ್ಲ. ಇದು ಸಂಗೀತದಲ್ಲಿ ಯಾವಾಗಲೂ ಆಗುತ್ತದೆ. ಹಾಡು ನೀರಸ ಅನ್ನಿಸಿದರೆ ಜನ ಸಾಹಿತ್ಯ ಸರಿಯಿಲ್ಲ ಅಂತಾರೆ. ನಿಜವಾದ ತೊಂದರೆ ತಾಳದಲ್ಲಿರುತ್ತದೆ.

ನನ್ನ ಪ್ರಕಾರ ಇಲ್ಲಿ ಹೋದದ್ದು ಎರಡು. ಮೊದಲನೆಯದು ಅವನ ಡ್ರಮ್ಸ್. ಪಾರ್ಕರ್ ಮೂಲತಃ ಡ್ರಮ್ಸ್ ಹುಡುಗ. ‘ಇನ್ನರ್‌ಸ್ಪೀಕರ್’ನಲ್ಲಿ ನಮ್ಮನ್ನು ಎಳೆದುಕೊಂಡು ಹೋಗುವುದು ಡ್ರಮ್ಸೇ, ಗಿಟಾರ್ ಅದರ ಮೇಲೆ ಬಣ್ಣ. ‘ಕರೆಂಟ್ಸ್’ನಲ್ಲಿ ಸಿಂಥ್ ಬಂದರೂ ಅವನ ಕೈಯ ಆ ಏಟು, ಆ ಉರುಳು ಉಳಿದಿತ್ತು. ಈಗ ಬಹುಪಾಲು ಯಂತ್ರದ ತಾಳ. ನಾಲ್ಕು ಏಟಿಗೆ ನಾಲ್ಕೂ ಕಿಕ್, ಅಂದರೆ ದೊಡ್ಡ ಡ್ರಮ್‌ನ ಸದ್ದು. ಟೆಕ್ನೋ ಇರೋದೇ ಹಾಗೆ, ತಪ್ಪಲ್ಲ. ಆದರೆ ಆ ಬಗೆಯ ತಾಳ ನಿಜವಾಗಿ ಹಿಡಿಯಬೇಕಾದರೆ ದೊಡ್ಡ ಸ್ಪೀಕರ್ ಬೇಕು, ಹೊಟ್ಟೆಗೆ ತಾಗಬೇಕು. ಬೆಂಗಳೂರಿನ ಮೆಟ್ರೋದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದರೆ ಟಕ್ ಟಕ್ ಅನ್ನುತ್ತದೆ ಅಷ್ಟೇ. ಬೈದವರಲ್ಲಿ ಬಹಳ ಜನ ಹೀಗೇ ಕೇಳಿರುತ್ತಾರೆ ಅನ್ನೋದು ನನ್ನ ಊಹೆ.

ಎರಡನೆಯದು ಮಂಜು. ಇಲ್ಲಿ ಧ್ವನಿ ಒಣಗಿದೆ, ಮುಂದೆ ಬಂದಿದೆ. ಮೊದಲ ಹಾಡು ‘ಮೈ ಓಲ್ಡ್ ವೇಸ್’ ಶುರುವಾಗುವುದೇ ಫೋನಿನಲ್ಲಿ ರೆಕಾರ್ಡ್ ಮಾಡಿದಂಥ ಒರಟು ಪಿಯಾನೋ ಮತ್ತು ಹಾಡಿನಿಂದ. ಹಿಂದೆ ಆಗಿದ್ದರೆ ಅದನ್ನು ಹತ್ತು ಪದರ ಸದ್ದಿನ ಕೆಳಗೆ ಹೂತುಬಿಡುತ್ತಿದ್ದ. ‘ನೋ ರಿಪ್ಲೈ’ನಲ್ಲಿ, ನೀನು ಒಳ್ಳೊಳ್ಳೆ ಸಿನಿಮಾ ನೋಡುವವಳು, ನಾನು ಕಾರ್ಟೂನ್ ಕಾಮಿಡಿ ನೋಡಿಕೊಂಡಿರುವವನು ಅನ್ನೋ ಅರ್ಥದ ಸಾಲು ಬರುತ್ತದೆ. ಅದನ್ನು ಹಿಡಿದುಕೊಂಡು ಎಷ್ಟು ಗೇಲಿ! ಇದೇನು ಸಾಹಿತ್ಯವಾ ಅಂತ. ನಾನು ಹೇಳೋದು, ಅವನ ಸಾಹಿತ್ಯ ಮೊದಲೂ ಇಷ್ಟೇ ಇತ್ತು. ‘ಲೋನರಿಸಂ’ನ ಸಾಲುಗಳನ್ನು ಹಾಳೆ ಮೇಲೆ ಬರೆದು ಓದಿ ನೋಡಿ. ಹದಿನೇಳರ ಹುಡುಗನ ಡೈರಿ. ಆಗ ರಿವರ್ಬ್ ಕಾಪಾಡುತ್ತಿತ್ತು. ಅರ್ಧ ಕೇಳಿದ ಸಾಲಿಗೆ ಉಳಿದರ್ಧ ಅರ್ಥವನ್ನು ನಾವೇ ತುಂಬಿಕೊಳ್ಳುತ್ತಿದ್ದೆವು, ನಾವು ತುಂಬಿದ್ದು ನಮಗೆ ಚೆಂದ ಕಾಣುತ್ತಿತ್ತು. ಈಗ ಪದಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಅಷ್ಟು ವರ್ಷ ಬೇಲಿಯಾಚೆಯಿಂದ ನೋಡಿದ ಮನುಷ್ಯ ಹತ್ತಿರ ಬಂದು ಕೂತಾಗ ಹಲವರಿಗೆ ಮುಜುಗರ.

ಸೈಕೆಡೆಲಿಕ್ ಅನ್ನುವುದು ಅವನ ಮಟ್ಟಿಗೆ ಅರವತ್ತರ ದಶಕದ ಸದ್ದಾಗಿರಲಿಲ್ಲ, ಬಚ್ಚಿಟ್ಟುಕೊಳ್ಳುವ ಜಾಗವಾಗಿತ್ತು ಅಂತ ನನ್ನ ಅನಿಸಿಕೆ. ಫಝ್‌ನ ಹಿಂದೆ ಬಚ್ಚಿಟ್ಟುಕೊಂಡ, ಆಮೇಲೆ ಡಿಸ್ಕೋ ಹಿಂದೆ, ಆಮೇಲೆ ನುಣುಪಾದ ಸಾಫ್ಟ್ ರಾಕ್ ಹಿಂದೆ. ‘ಡೆಡ್‌ಬೀಟ್’ ಮುಖಪುಟದಲ್ಲಿ ಅವನದೇ ಕಪ್ಪುಬಿಳುಪು ಫೋಟೋ, ಜೊತೆಗೆ ಅವನ ಪುಟ್ಟ ಮಗಳು. ಹಿಂದಿನ ಯಾವ ಮುಖಪುಟದಲ್ಲೂ ಅವನ ಮುಖ ಇರಲಿಲ್ಲ. ಬಚ್ಚಿಟ್ಟುಕೊಳ್ಳುವುದನ್ನು ಬಿಡೋಣ ಅಂತ ಮನಸ್ಸು ಮಾಡಿದ ಹಾಗಿದೆ. ಕೇಳುಗರು ಗಿಟಾರ್ ಅಂತ ಕರೆಯುತ್ತಿರುವುದು ಈ ಮರೆಯನ್ನೇ.

ಹಾಗಂತ ಆಲ್ಬಮ್ ಅದ್ಭುತ ಅಂತ ನಾನು ವಾದಿಸುವುದಿಲ್ಲ. ಧೈರ್ಯ ಇದ್ದ ಮಾತ್ರಕ್ಕೆ ಹಾಡು ಚೆನ್ನಾಗಿರಬೇಕಂತ ಇಲ್ಲ. ‘ಒಬ್ಲಿವಿಯನ್’ ತೆಳು. ಒಂದು ಐಡಿಯಾ ಸಿಕ್ಕಿದೆ, ಅದನ್ನು ಬೆಳೆಸದೆ ಹಾಗೇ ಬಿಟ್ಟಿದ್ದಾನೆ. ‘ಎಥೀರಿಯಲ್ ಕನೆಕ್ಷನ್’ ಏಳು ನಿಮಿಷ ದಾಟಿ ಓಡುತ್ತದೆ. ಅದರಲ್ಲಿ ಟೆಕ್ನೋ ಕೇಳುವವರಿಗೆ ಹೊಸದೇನಿಲ್ಲ, ಹಾಡು ಕೇಳುವವರಿಗೆ ಹಾಡಿಲ್ಲ. ಸೋಮಾರಿತನ ಅನ್ನೋ ದೂರಿಗೆ ಇವೆರಡು ಹಾಡೇ ಸಾಕ್ಷಿ, ಅದನ್ನು ನಾನು ತಳ್ಳಿಹಾಕಲಾರೆ. ರಾತ್ರಿಯಿಡೀ ಕುಣಿಯುವ ಜಾಗದಲ್ಲಿ ಒಂದೇ ಲಯ ಗಂಟೆಗಟ್ಟಲೆ ನಡೆದರೆ ಅದಕ್ಕೊಂದು ಅರ್ಥ ಇದೆ. ಮೂರೂವರೆ ನಿಮಿಷದ ಪಾಪ್ ಹಾಡುಗಳ ನಡುವೆ ಅದನ್ನು ತಂದು ಕೂರಿಸಿದರೆ ಅತ್ತ ಕುಣಿತವೂ ಇಲ್ಲ, ಇತ್ತ ಹಾಡೂ ಇಲ್ಲ.

ಆದರೆ ‘ಆಬ್ಸೊಲೀಟ್’ ಇದೆ. ಅದರ ಬಾಸ್ ಕೇಳಿ. ಸೋಂಬೇರಿ ನಡಿಗೆ, ಆದರೂ ಒಂದು ಹೆಜ್ಜೆ ತಪ್ಪುವುದಿಲ್ಲ. ಅವನ ಬಾಸ್ ಮೇಲಿನ ಹಿಡಿತ ಒಂದಿಷ್ಟೂ ಕಡಿಮೆಯಾಗಿಲ್ಲ. ‘ಡ್ರಾಕುಲಾ’ ಸುಮ್ನೆ ಮಜವಾದ ಪಾಪ್ ಹಾಡು, ಅದರಲ್ಲಿ ಆಳ ಹುಡುಕಬೇಕಾಗಿಲ್ಲ. ಅದನ್ನು ಇಷ್ಟಪಟ್ಟು ಬಂದ ಹೊಸ ಕೇಳುಗರನ್ನು ಹಳಬರು ಕೀಳಾಗಿ ನೋಡುವುದು ನನಗೆ ಸೇರುವುದಿಲ್ಲ. ‘ಲೋನರಿಸಂ’ನ ‘ಎಲಿಫೆಂಟ್’ ಹಾಡು ಕೇಳಿ ಬಂದವರನ್ನು ಆಗಿನ ಹಳಬರು ಹೀಗೇ ನೋಡಿರುತ್ತಾರೆ.

ಇನ್ನು ಕೊನೆಯ ಹಾಡು, ‘ಎಂಡ್ ಆಫ್ ಸಮ್ಮರ್’. ಜುಲೈಯಲ್ಲಿ ಎಲ್ಲಕ್ಕಿಂತ ಮೊದಲು ಇದನ್ನೇ ಬಿಟ್ಟಿದ್ದರು. ಏಳು ನಿಮಿಷದ ಹಾಡು, ಬಹಳ ಹೊತ್ತು ಏನೂ ಆಗುವುದಿಲ್ಲ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಕೇಳಿದವರು, ಇಷ್ಟು ವರ್ಷ ಕಾದದ್ದು ಇದಕ್ಕಾ ಅಂದರು. ಕೇಳಿದ್ದು ಸಹಜ. ಆಲ್ಬಮ್‌ನ ಕೊನೆಯಲ್ಲಿ ಅದರ ಕತೆಯೇ ಬೇರೆ. ಅಷ್ಟು ಹೊತ್ತು ತನ್ನನ್ನೇ ಬೈದುಕೊಂಡು, ಕೆಲಸಕ್ಕೆ ಬಾರದವನು ಅಂತ ಹೇಳಿಕೊಂಡು ಬಂದವನು ಇಲ್ಲಿ ಮಾತು ಕಡಿಮೆ ಮಾಡುತ್ತಾನೆ. ಕಿಕ್ ಒಂದೇ ಸಮ ನಡೆಯುತ್ತದೆ, ಮೇಲೆ ಸಿಂಥ್ ಸ್ವರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ, ಧ್ವನಿಗೆ ಮತ್ತೆ ಸ್ವಲ್ಪ ಮಂಜು ಕವಿಯುತ್ತದೆ. ಇಡೀ ಆಲ್ಬಮ್‌ನಲ್ಲಿ ಹಳೇ ಪಾರ್ಕರ್ ಮತ್ತು ಹೊಸ ಪಾರ್ಕರ್ ಒಬ್ಬರನ್ನೊಬ್ಬರು ತಳ್ಳದೆ ಇರುವ ಹಾಡು ಇದೇ. ಟ್ರಿಪಲ್ ಜೆ ಕೇಳುಗರು ಈ ದಶಕದ ಪಟ್ಟಿ ಮಾಡುವಾಗ ಇದು ಇರುತ್ತದೋ ಇಲ್ಲವೋ, ನನ್ನ ಪಟ್ಟಿಯಲ್ಲಂತೂ ಇದೆ. ‘ಬಾರ್ಡರ್‌ಲೈನ್’ ಪಕ್ಕದಲ್ಲಿ, ಅದೂ ಮೊದಲು ಬಂದ ರೂಪ.